ಅಕ್ಕ ಮಾಡಿದ ಬಾಣಂತನ, ನಾನು ಉಳಿಸಿದ ಕರೆಂಟು

ನೈರೋಬಿಯಲ್ಲಿ ಚಳಿ ಎಂದರೆ ಊರಿನವರು ನಂಬುವುದಿಲ್ಲ. ಆಫ್ರಿಕಾ ಅಂದಮೇಲೆ ಕಾದ ಬಾಣಲೆ ಎಂದುಕೊಂಡಿರುತ್ತಾರೆ. ಜುಲೈ ತಿಂಗಳಲ್ಲಿ ಒಮ್ಮೆ ಬಂದು ನೋಡಬೇಕು. ವಾರಗಟ್ಟಲೆ ಸೂರ್ಯನ ಮುಖ ಕಾಣುವುದಿಲ್ಲ. ಬೂದಿ ಬಣ್ಣದ ಆಕಾಶ ತಲೆಯ ಮೇಲೆ ಕವುಚಿ ಹಾಕಿದ ಪಾತ್ರೆಯ ಹಾಗೆ ಕೂತಿರುತ್ತದೆ. ಮನೆ ಬೆಚ್ಚಗಿಡುವ ವ್ಯವಸ್ಥೆ ಇಲ್ಲಿ ಯಾರ ಮನೆಯಲ್ಲೂ ಇಲ್ಲ. ನೆಲ ಕಾಲಿಗೆ ಕಚ್ಚುತ್ತದೆ. ಅಂಥ ದಿನಗಳಲ್ಲಿ ಮನೆಯೊಳಗೆ ಬಿಸಿ ಅಂತ ಇರುವುದು ಒಂದೇ, ಬಚ್ಚಲಿನ ಗೋಡೆಗೆ ನೇತುಹಾಕಿದ ಗೀಸರು.

ಸೌತ್ ಬಿ ಬಡಾವಣೆಯ ನಮ್ಮ ಮನೆಯದು ಐವತ್ತು ಲೀಟರಿನ ಗೀಸರು. ನನ್ನ ಯಜಮಾನರು ಇಂಡಸ್ಟ್ರಿಯಲ್ ಏರಿಯಾದ ಒಂದು ಕಾರ್ಖಾನೆಯಲ್ಲಿ ಬಾಯ್ಲರು ನೋಡಿಕೊಳ್ಳುವವರು. ಹಬೆ ಎಲ್ಲಿ ಸೋರುತ್ತದೆ, ಶಾಖ ಎಲ್ಲಿ ಪೋಲಾಗುತ್ತದೆ ಎಂದು ಹುಡುಕುವುದೇ ಅವರ ಉದ್ಯೋಗ. ಮದುವೆಯಾಗಿ ಇಲ್ಲಿಗೆ ಬಂದ ಹೊಸತರಲ್ಲಿ ಅವರೇ ನನಗೆ ಹೇಳಿಕೊಟ್ಟದ್ದು: ನೀರು ಒಂದು ಸಲ ಕಾದರೆ ತೊಟ್ಟಿಯೇ ಫ್ಲಾಸ್ಕಿನ ಹಾಗೆ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ, ಸ್ವಿಚ್ಚು ಹಾಕಿಯೇ ಇಡಬೇಕಾಗಿಲ್ಲ. ಬಿಸಿ ತಿರುಗಿಸುವ ಗುಂಡಿ ನಡುವಿನಲ್ಲಿದ್ದರೆ ಸಾಕು. ಕುದಿಯುವ ಹಾಗೆ ಕಾಯಿಸಿ ಆಮೇಲೆ ತಣ್ಣೀರು ಬೆರೆಸುವುದು ದಡ್ಡತನ. ಒಬ್ಬರ ಹಿಂದೆ ಒಬ್ಬರು ಸ್ನಾನ ಮುಗಿಸಬೇಕು.

ಅವರು ಹೇಳಿ ಮರೆತರು. ಹಿಡಿದುಕೊಂಡವಳು ನಾನು. ಬೆಳಿಗ್ಗೆ ಐದೂವರೆಗೆ ಸ್ವಿಚ್ಚು, ಆರೂಕಾಲಿಗೆ ಬಂದ್. ಆಮೇಲೆ ಒಬ್ಬೊಬ್ಬರಿಗೆ ಒಂದೊಂದು ಬಕೆಟ್ಟು. ಮೇಲಿನಿಂದ ಸುರಿಯುವ ಶವರನ್ನು ಬಿಚ್ಚಿಸಿ ಅಟ್ಟಕ್ಕೆ ಹಾಕಿಸಿದೆ. ಗೀಸರಿನಿಂದ ಇಳಿಯುವ ಕೊಳವೆಗೆ ಹಳೆಯ ಸ್ವೆಟರಿನ ತೋಳು ಕತ್ತರಿಸಿ ತೊಡಿಸಿದೆ. ಸ್ವಿಚ್ಚಿನ ಮೇಲೆ, ಕೆಲಸವಾದ ಕೂಡಲೇ ಆರಿಸಿ ಎಂದು ಒಂದು ಚೀಟಿ ಅಂಟಿಸಿದೆ. ಇಂಗ್ಲಿಷಿನಲ್ಲಿ ಒಂದು ಸಾಲು, ಮನೆಗೆಲಸದ ಹೆಂಗಸಿಗಾಗಿ ಸ್ವಾಹಿಲಿಯಲ್ಲಿ ಒಂದು ಸಾಲು. ಕನ್ನಡದಲ್ಲಿ ಬರೆಯುವ ಅಗತ್ಯ ಬೀಳಲಿಲ್ಲ, ಕನ್ನಡದಲ್ಲಿ ನಾನೇ ಕೂಗುತ್ತಿದ್ದೆನಲ್ಲ.

ಇಲ್ಲಿ ಕರೆಂಟಿಗೆ ಮೊದಲೇ ದುಡ್ಡು ಕಟ್ಟಬೇಕು. ಫೋನಿನಲ್ಲಿ ಟೋಕನ್ ಕೊಂಡರೆ ಉದ್ದನೆಯ ಒಂದು ನಂಬರು ಬರುತ್ತದೆ. ಅದನ್ನು ಮನೆಯೊಳಗಿನ ಪುಟ್ಟ ಪೆಟ್ಟಿಗೆಗೆ ಒತ್ತಬೇಕು. ಮುಗಿಯುತ್ತ ಬಂದಾಗ ಅದು ಕೀಂಕೀಂ ಎಂದು ಬಡಿದುಕೊಳ್ಳುತ್ತದೆ. ಬೇರೆಯವರ ಮನೆಯಲ್ಲಿ ತಿಂಗಳಿಗೆ ಎರಡು ಮೂರು ಸಲ ಬಡಿದುಕೊಂಡರೆ ನಮ್ಮಲ್ಲಿ ಒಂದೇ ಸಲ. ಇದು ನಮ್ಮ ಕನ್ನಡದವರ ನಡುವೆ ದೊಡ್ಡ ಹೆಸರಾಯಿತು. ಯುಗಾದಿಗೋ ದೀಪಾವಳಿಗೋ ವೆಸ್ಟ್‌ಲ್ಯಾಂಡ್ಸ್ ಕಡೆಯ ಯಾರದಾದರೂ ಮನೆಯಲ್ಲಿ ಸೇರಿದಾಗ ಹೆಂಗಸರು ನನ್ನ ಸುತ್ತ ಕೂರುತ್ತಿದ್ದರು.

“ಅಲ್ಲಾ ಆಂಟಿ, ನೀವು ಚಳೀಲೂ ಒಂದೇ ಬಕೆಟ್ಟಾ?” ಎಂದು ಬೆಂಗಳೂರಿನಿಂದ ಹೊಸದಾಗಿ ಬಂದ ಹುಡುಗಿ ಕಣ್ಣರಳಿಸಿದಳು.

“ಒಂದು ಬಕೆಟ್ಟಲ್ಲಿ ಸ್ನಾನ ಮಾಡೋಕೆ ಬರ್ದೇ ಇದ್ರೆ ಹತ್ತು ಬಕೆಟ್ಟಲ್ಲೂ ಬರಲ್ಲ ಕಣಮ್ಮ” ಎಂದೆ. ಎಲ್ಲರೂ ನಕ್ಕರು. ಮಂಗಳೂರಿನ ಒಬ್ಬ ಹಿರಿಯ ಹೆಂಗಸು ಮಾತ್ರ ಪಕ್ಕದವಳಿಗೆ ಕೊಂಕಣಿಯಲ್ಲಿ ಏನೋ ಅಂದರು. ಹೊಗಳಿಕೆಯಂತೆ ಕೇಳಿಸಲಿಲ್ಲ. ನನಗೇನು, ಜಾಣೆ ಎನ್ನಿಸಿಕೊಳ್ಳುವ ಚಪಲ ಹತ್ತಿತ್ತು.

ಮದುವೆಯಾಗಿದ್ದ ಮಗಳು ಬಸುರಿಯಾದಳು, ಹೆರಿಗೆ ಬಾಣಂತನ ನಮ್ಮ ಮನೆಯಲ್ಲೇ ಎಂದಾಯಿತು. ಅವಳು ಇಲ್ಲೇ ಬೆಳೆದವಳು. ಕನ್ನಡ ಎಲ್ಲ ತಿಳಿಯುತ್ತದೆ, ಉತ್ತರ ಮಾತ್ರ ಹೆಚ್ಚಾಗಿ ಇಂಗ್ಲಿಷಿನಲ್ಲಿ ಬರುತ್ತದೆ. ಹೆರಿಗೆ ಜುಲೈಗೆ ಎಂದಾಗ ನಾನು ಮೊದಲು ಫೋನು ಮಾಡಿದ್ದು ಮೈಸೂರಿನ ಅಕ್ಕನಿಗೆ.

ಅಕ್ಕನ ವಿಷಯ ಇಲ್ಲಿ ಹೇಳಿಬಿಡಬೇಕು. ನಮ್ಮಮ್ಮ ಹೋದಾಗ ನನಗೆ ಎಂಟು ವರ್ಷ, ಅವಳಿಗೆ ಹತ್ತೊಂಬತ್ತು. ನನ್ನ ತಲೆ ಬಾಚಿದ್ದು, ಮಗ್ಗಿ ಬಾಯಿಪಾಠ ಮಾಡಿಸಿದ್ದು, ದೊಡ್ಡವಳಾದಾಗ ಹಸೆಯ ಮೇಲೆ ಕೂರಿಸಿದ್ದು ಎಲ್ಲ ಅವಳೇ. ಅಜ್ಜಿಯ ಬಾಯಿಂದ ಗಾದೆ ಕಲಿತೆ, ಅಕ್ಕನ ಬಾಯಿಂದ ಮಾತು ಕಲಿತೆ. ನನ್ನ ಎರಡು ಬಾಣಂತನಕ್ಕೂ ನಾನು ಮೈಸೂರಿಗೆ ಹೋಗಿದ್ದು ಅವಳ ಮನೆಗೇ. ಅವಳಿಗೆ ಆಗ ಸ್ವಂತ ಎರಡು ಸಣ್ಣ ಮಕ್ಕಳು. ಆದರೂ ಬೆಳಿಗ್ಗೆ ಎದ್ದು ತೆಂಗಿನ ಚಿಪ್ಪು ತುರುಕಿ ಹಂಡೆ ಒಲೆ ಹೊತ್ತಿಸಿ, ನನ್ನ ಸೊಂಟಕ್ಕೆ ಚೊಂಬು ಚೊಂಬು ಸುಡುನೀರು ಬೀಸಿ ಹೊಡೆಯುತ್ತಿದ್ದಳು. ನೀರು ಸುರಿಯುವುದಲ್ಲ, ಹೊಡೆಯುವುದು. ಆ ಸೊಂಟ ಇವತ್ತಿಗೂ ನೆಟ್ಟಗಿದೆ.

“ಬರ್ತೀಯೇನೆ ಅಕ್ಕ? ನನ್ನ ಕೈಲಿ ಬಾಣಂತನ ಆಗಲ್ಲ, ನಂಗೆ ಗೊತ್ತೇ ಇಲ್ಲ” ಎಂದೆ.

“ನಲವತ್ತು ದಿನ ತಾನೆ? ಬಂದು ಮುಗಿಸಿ, ಮಗೂನ ತೊಟ್ಟಿಲಿಗೆ ಹಾಕಿ ಹೊರಡ್ತೀನಿ. ಅಲ್ಲಿ ಅಂಟು ಸಿಗುತ್ತೇನೆ? ಬೇಡ ಬಿಡು, ಎಲ್ಲ ನಾನೇ ತರ್ತೀನಿ.”

ತಂದಳು. ಒಂದು ಪೆಟ್ಟಿಗೆ ತುಂಬ ಅಂಟು, ಒಣಕೊಬ್ಬರಿ, ಮೆಣಸು, ಓಮ, ಸೀಗೆಪುಡಿ, ಸಾಂಬ್ರಾಣಿ. ತನಗೆ ಮಾತ್ರ ನಾಲ್ಕು ತೆಳು ಸೀರೆ. ಆಫ್ರಿಕಾ ಅಲ್ಲವೇ, ಸೆಕೆ ಇರುತ್ತದೆ ಅಂದುಕೊಂಡಿದ್ದಳಂತೆ. ವಿಮಾನ ನಿಲ್ದಾಣದ ಹೊರಗೆ ಕಾಲಿಟ್ಟವಳೇ ಸೆರಗು ಹೊದ್ದು, “ಏನೇ ಇದು, ಊಟಿಗೆ ಕರ್ಕೊಂಡ್ ಬಂದ್ಯಾ?” ಎಂದಳು.

ಮೊದಲ ದಿನವೇ ಸ್ವಿಚ್ಚಿನ ಮೇಲಿನ ಚೀಟಿ ನೋಡಿ, “ಇದೇನು ಮಂತ್ರ?” ಎಂದು ಕೇಳಿದಳು. ನಾನು ಪಾಠ ಮಾಡಿದೆ, ಯುಗಾದಿ ಸಭೆಯ ಉತ್ಸಾಹದಲ್ಲೇ. ಅವಳು ಕೊನೆಯವರೆಗೂ ಕೇಳಿಸಿಕೊಂಡಳು.

“ಅದೆಲ್ಲ ಸರಿ ಕಣೆ, ಬಾಣಂತಿಗೆ?”

“ಬಾಣಂತಿಗೆ ಎರಡು ಬಕೆಟ್ಟು. ಬೇಕಾದ್ರೆ ಮೂರು.”

“ಮೂರು ಬಕೆಟ್ಟು ಅವಳ ತಲೆಗೇ ಬೇಕು. ಸೊಂಟಕ್ಕೆ? ಮಗೂಗೆ?”

“ಮೊದಲು ಹೆರಿಗೆ ಆಗ್ಲಿ ಬಿಡೆ” ಎಂದು ಮಾತು ಹಾರಿಸಿ, ಹೋಗುವಾಗ, “ಕೆಂಪು ದೀಪ ನೋಡ್ಕೊಂಡು ಮಾಡು, ಅಷ್ಟೇ” ಎಂದೆ. ಆ ದೀಪ ಹತ್ತಿದರೆ ಏನು, ಆರಿದರೆ ಏನು ಎಂದು ಬಿಡಿಸಿ ಹೇಳಲಿಲ್ಲ. ಅಷ್ಟು ಸಣ್ಣ ವಿಷಯ ಯಾರಿಗೆ ಗೊತ್ತಿರುವುದಿಲ್ಲ ಎಂದುಕೊಂಡೆ. ಅಕ್ಕನ ಮನೆಯಲ್ಲಿ ಮೊದಲು ಇದ್ದದ್ದು ಹಂಡೆ, ಆಮೇಲೆ ಬಂದದ್ದು ಬಿಸಿಲಲ್ಲಿ ಕಾಯುವ ಸೋಲಾರು. ಇಂಥ ಗೀಸರನ್ನು ಅವಳು ನಡೆಸಿಯೇ ಇರಲಿಲ್ಲ.

ಹೆಣ್ಣು ಮಗು ಹುಟ್ಟಿತು. ಹನ್ನೊಂದನೆಯ ದಿನದಿಂದ ಅಕ್ಕನ ಆಡಳಿತ ಶುರುವಾಯಿತು. ಮೈಗೆಲ್ಲ ಎಣ್ಣೆ ತಿಕ್ಕಿ, ಮಗಳನ್ನು ಬಚ್ಚಲಿನ ಮಣೆಯ ಮೇಲೆ ಕೂರಿಸಿ, ಚೊಂಬು ಎತ್ತುತ್ತಿದ್ದಳು.

“ದೊಡ್ಡಮ್ಮಾ! ಟೂ ಹಾಟ್! ಐ ವಿಲ್ ಡೈ!”

“ಸಾಯಲ್ಲ ಕೂತ್ಕೋ. ನಿಮ್ಮಮ್ಮನೂ ಹೀಗೇ ಬೊಬ್ಬೆ ಹೊಡೀತಿದ್ಲು. ಬಗ್ಗು, ಸೊಂಟ ಕೊಡು ಇಲ್ಲಿ.”

ಮಗಳು ಕಿರುಚುತ್ತಲೇ ನಗುತ್ತಿದ್ದಳು. ಸ್ನಾನವಾದ ಮೇಲೆ ಎರಡು ಕಂಬಳಿ ಹೊದೆಸಿ ಬೆವರಿಳಿಸಿ, ಕೂದಲಿಗೆ ಸಾಂಬ್ರಾಣಿ ಹೊಗೆ ಹಿಡಿದು, ಮೆಣಸಿನ ಸಾರು ಅನ್ನ ಉಣ್ಣಿಸುವಷ್ಟರಲ್ಲಿ ಅವಳು ಮಗುವಿಗಿಂತ ಮೊದಲೇ ನಿದ್ದೆ ಹೋಗಿರುತ್ತಿದ್ದಳು. ಆಮೇಲೆ ಅಕ್ಕ ಕಾಲು ಚಾಚಿ ಕೂತು, ಕಾಲಿನ ಮೇಲೆ ಮಗುವನ್ನು ಮಲಗಿಸಿಕೊಂಡು ಮೀಯಿಸುತ್ತಿದ್ದಳು. ಮನೆಗೆಲಸದ ಹೆಂಗಸು, ನಾವು ಅವಳನ್ನು ಇಲ್ಲಿಯವರ ಹಾಗೆ ಮಾಮಾ, ಅಂದರೆ ಅಮ್ಮ, ಎಂದೇ ಕರೆಯುವುದು, ಬಾಗಿಲಲ್ಲಿ ನಿಂತು ನೋಡುವಳು. ಇವಳದು ಕನ್ನಡ, ಅವಳದು ಸ್ವಾಹಿಲಿ. ಇಬ್ಬರಿಗೂ ಮಾತು ಚೆನ್ನಾಗಿ ನಡೆಯುತ್ತಿತ್ತು. ಮಾಮಾ “ಪೋಲೆ, ಪೋಲೆ” ಎಂದು ಅಳುವ ಮಗುವಿಗೆ ಸಮಾಧಾನ ಹೇಳಿದರೆ, “ಹೂಂ, ಪೋಲಿಯೇ ಇವಳು, ನೋಡು ಹೆಂಗೆ ಒದೀತಾಳೆ” ಎನ್ನುವಳು ಅಕ್ಕ.

ಎಲ್ಲ ಚೆನ್ನಾಗಿತ್ತು. ನನಗೆ ಮಾತ್ರ ಲೆಕ್ಕದ ಚಿಂತೆ. ಒಂದು ಬೆಳಗಿಗೆ ಏಳೆಂಟು ಬಕೆಟ್ಟು! ಬಚ್ಚಲ ಕಡೆಯಿಂದ ನೀರಿನ ಸದ್ದು ಬಂದಾಗಲೆಲ್ಲ ನಾನು ಅಡುಗೆಮನೆಯಲ್ಲಿ ಮನಸ್ಸಿನಲ್ಲೇ ಎಣಿಸುತ್ತಿದ್ದೆ. ನನ್ನ ಮಗಳ ಮೈಗೆ ಬೀಳುವ ನೀರು ಅದು. ಅದನ್ನು ಎಣಿಸಿದವಳು ನಾನು.

ಒಂದು ಸಂಜೆ ಬಚ್ಚಲ ಮುಂದೆ ಹಾದುಹೋಗುವಾಗ ಸ್ವಿಚ್ಚು ಹಾಕಿಯೇ ಇತ್ತು, ಕೆಂಪು ದೀಪ ಉರಿಯುತ್ತಿತ್ತು. ತೆಗೆದೆ. ಮಾರನೆಯ ದಿನವೂ ಹಾಗೇ. ತೆಗೆದೆ. ಅಕ್ಕನನ್ನು ಕೇಳಿದರೆ, “ನಾನೇ ಹಾಕಿದ್ದು ಕಣೆ, ಇರ್ಲಿ” ಎಂದಳು. ನಾನು ಮುಖ ಗಂಟಿಕ್ಕಿ ಒಳಗೆ ಹೋದೆ. ಆಗಲಾದರೂ ಕೂತು ಮಾತಾಡಬಹುದಿತ್ತು. ಮಾತಾಡಿದರೆ ಜಿಪುಣಿ ಎನ್ನಿಸಿಕೊಳ್ಳುತ್ತೇನೆಂಬ ಅಳುಕು, ಸುಮ್ಮನಿದ್ದರೆ ಉರಿ.

ಹದಿನೇಳನೆಯ ದಿನ ಬೆಳಿಗ್ಗೆ ಎದ್ದಾಗ ಕರೆಂಟು ಇರಲಿಲ್ಲ. ಇದ್ದಕ್ಕಿದ್ದಂತೆ ಹೋಗುವುದು ಇಲ್ಲಿ ಹೊಸತಲ್ಲ. “ಬರುತ್ತೆ ಬಿಡು” ಎಂದು ಯಜಮಾನರು ತೊಟ್ಟಿಯಲ್ಲಿದ್ದ ಬಿಸಿನೀರಲ್ಲೇ ಮಿಂದು ಕಾರ್ಖಾನೆಗೆ ಹೊರಟುಹೋದರು. ನಾನೂ ಮಿಂದೆ. ಒಂಬತ್ತಕ್ಕೆ ಅಕ್ಕ ಮಗಳನ್ನು ಮಣೆಯ ಮೇಲೆ ಕೂರಿಸಿದಳು. ಮೊದಲ ಬಕೆಟ್ಟು ಸುಡುಬಿಸಿ. ಎರಡನೆಯದು ಉಗುರುಬೆಚ್ಚಗೆ. ತಲೆತುಂಬ ಸೀಗೆಪುಡಿ, ಮೈತುಂಬ ಎಣ್ಣೆ ಕಡಲೆಹಿಟ್ಟು ಇರುವಾಗ ಮೂರನೆಯ ಬಕೆಟ್ಟಿಗೆ ನಲ್ಲಿ ತಿರುಗಿಸಿದರೆ ಮಂಜಿನಂಥ ನೀರು.

“ಅಮ್ಮಾ!” ಎಂದು ಮಗಳು ಕೂಗಿದಳು. ಕೋಣೆಯಲ್ಲಿ ಮಗು ಎಚ್ಚರವಾಗಿ ಅಳತೊಡಗಿತು.

ನಾನು ಓಡಿ ಬಂದೆ. ಪಕ್ಕದ ಮನೆಯಲ್ಲಿ ರೇಡಿಯೋ ಹಾಡುತ್ತಿತ್ತು. ಅವರಿಗೆ ಕರೆಂಟಿದೆ, ನಮಗಿಲ್ಲ! ಮೀಟರಿನ ಪೆಟ್ಟಿಗೆಯ ಹತ್ತಿರ ಹೋದರೆ ಅದರ ಮೇಲೆ ಮಡಿಸಿದ ಮಗುವಿನ ಬಟ್ಟೆ ನಾಲ್ಕು ಪದರ ಹೊದೆಸಿ, ಅದರ ಮೇಲೊಂದು ದಿಂಬು ಒತ್ತಿ ಇಡಲಾಗಿತ್ತು.

“ಇದನ್ನ ಯಾರು ಮುಚ್ಚಿದ್ದು?”

“ನಾನೇ” ಎಂದಳು ಅಕ್ಕ ಬಚ್ಚಲಿನಿಂದಲೇ. “ಎರಡು ದಿನದಿಂದ ಕೀಂಕೀಂ ಅಂತಿತ್ತು. ಮಗು ಬೆಚ್ಚಿ ಬೀಳ್ತಿತ್ತಲ್ಲೇ.”

ಟೋಕನ್ ಮುಗಿದು ಹೋಗಿತ್ತು. ತಿಂಗಳಿಡೀ ಬರಬೇಕಾದದ್ದು ಅರ್ಧ ತಿಂಗಳಿಗೇ. ಫೋನಿನಲ್ಲಿ ಕೊಂಡೆ, ನಂಬರಿನ ಸಂದೇಶ ಬರಲಿಲ್ಲ. ಮತ್ತೆ ಕೊಂಡೆ. ಅದೂ ಬರಲಿಲ್ಲ. ಅಷ್ಟರಲ್ಲಿ ಮಾಮಾ ಗ್ಯಾಸಿನ ಮೇಲೆ ದೊಡ್ಡ ಪಾತ್ರೆ ಇಟ್ಟಾಗಿತ್ತು. ನೀರು ಕಾಯುವವರೆಗೆ ಮಗಳು ಒದ್ದೆ ಟವಲು ಸುತ್ತಿಕೊಂಡು, ಹಣೆಯಿಂದ ಸೀಗೆನೀರು ಇಳಿಸಿಕೊಳ್ಳುತ್ತ, ಗಡಗಡ ನಡುಗುತ್ತ ಕೂತಿದ್ದಳು. ಅಕ್ಕ ತನ್ನ ಸೀರೆಯ ಸೆರಗನ್ನು ಅವಳ ಬೆನ್ನಿಗೆ ಹೊದೆಸಿ, ಹಿಂದಿನಿಂದ ಅಪ್ಪಿಕೊಂಡು ನಿಂತಿದ್ದಳು.

ಆ ಸಂಜೆ ಮಗಳಿಗೆ ಜ್ವರ ಬಂತು.

ಸಣ್ಣಪುಟ್ಟ ಜ್ವರವಲ್ಲ. ಮೈ ಕೆಂಡ, ಹಲ್ಲು ಕಟಕಟ. ಯಜಮಾನರು ಕಾರ್ಖಾನೆಯಿಂದ ಬಂದವರು ಗೀಸರಿನ ಗುಂಡಿ ನೋಡಿ, “ಇದನ್ನ ಕೊನೇವರೆಗೂ ತಿರುಗಿಸಿದ್ದಾರಲ್ಲ” ಎಂದರು. ನಾನು ಅಕ್ಕನ ಕಡೆ ತಿರುಗಿದೆ.

“ದೀಪ ಆರೋಗ್ತಿತ್ತು ಕಣೆ” ಎಂದಳು ಅವಳು. ದನಿ ಸಣ್ಣಗಾಗಿತ್ತು. “ಆರ್ದಾಗ್ಲೆಲ್ಲ ಸ್ವಲ್ಪ ತಿರುಗಿಸ್ತಿದ್ದೆ, ಮತ್ತೆ ಹತ್ಕೊಳ್ತಿತ್ತು. ಬಾಣಂತಿ ಮನೇಲಿ ಬಚ್ಚಲೊಲೆ ಕೆಂಡ ಆರಬಾರ್ದು ಅಲ್ವಾ? ನಿಂಗೂ ಹಾಗೇ ಕಾಪಾಡಿದ್ನಲ್ಲ.”

ನೀರು ಕಾದಾಗ ದೀಪ ತಾನಾಗಿ ಆರುತ್ತದೆ, ಆರಿದರೆ ಆಯಿತೆಂದು ಅರ್ಥ. ಅವಳು ಅದನ್ನು ಒಲೆಯ ಕೆಂಡ ಎಂದುಕೊಂಡಿದ್ದಳು. ಕೆಂಡ ಆರಿತೆಂದು ಹೆದರಿ ಹಗಲೆಲ್ಲ ಊದಿ ಊದಿ ಹೊತ್ತಿಸಿದ್ದಳು. ಅವತ್ತು ನಾನು ನಕ್ಕೆ. ನಕ್ಕು ಅಂದೆ:

“ಗೊತ್ತಿಲ್ದೇ ಇರೋದನ್ನ ಯಾಕೆ ಮುಟ್ಬೇಕಿತ್ತು? ಇದು ನಿನ್ನ ಸೌದೆ ಒಲೆ ಅಲ್ಲ. ನನ್ನ ಮಗಳನ್ನ ಸಾಯ್ಸೋಕೆ ಬಂದ್ಯಾ? ಬಂದೋರು ಬಂದೋರ ಹಾಗೆ ಇರ್ಬೇಕು.”

ಯಜಮಾನರು “ಏಯ್” ಎಂದರು. ಮಾಮಾ ತಟ್ಟೆ ಒರೆಸುತ್ತಿದ್ದವಳು ಒರೆಸುವುದನ್ನು ನಿಲ್ಲಿಸಿದಳು. ಅವಳಿಗೆ ಕನ್ನಡ ಬರುವುದಿಲ್ಲ. ಆ ಮಾತು ತಿಳಿಯಲು ಕನ್ನಡ ಬರಬೇಕಾಗಿರಲಿಲ್ಲ.

ಅಕ್ಕ ನನ್ನ ಮುಖವನ್ನು ಒಂದು ಗಳಿಗೆ ನೋಡಿದಳು. ಕೋಪವಿರಲಿಲ್ಲ. ಯಾರು ಇವಳು ಎಂದು ಗುರುತು ಹಿಡಿಯಲು ನೋಡುವ ಹಾಗಿತ್ತು. “ಸರಿ” ಎಂದು ಮಗಳ ಕೋಣೆಗೆ ಹೋಗಿ ಹಣೆಗೆ ಒದ್ದೆ ಬಟ್ಟೆ ಹಾಕುತ್ತ ಕೂತಳು.

ಆಡಿದ ಮಾತು ಒಡೆದ ಮುತ್ತು ಎಂದು ಅಜ್ಜಿ ಹೇಳುತ್ತಿದ್ದಳು. ಆದರೆ ನನಗೆ ಒಂದು ಅವಕಾಶ ಸಿಕ್ಕಿತ್ತು. ಅದನ್ನು ಹೇಳದೆ ಬಿಟ್ಟರೆ ಇದನ್ನು ಬರೆಯುವುದಕ್ಕೆ ಅರ್ಥವಿಲ್ಲ. ಮಾರನೆಯ ದಿನ ನಾನೊಬ್ಬಳೇ ಮಗಳನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಪರೀಕ್ಷೆ ಮಾಡಿ, ಎದೆಯಲ್ಲಿ ಹಾಲು ಕಟ್ಟಿ ಜ್ವರ ಬಂದಿದೆ, ಮೂರು ದಿನ ಮಾತ್ರೆ ತಗೊಂಡರೆ ಹೋಗುತ್ತದೆ ಎಂದರು. “ತಣ್ಣೀರು ಬಿದ್ದದ್ದಕ್ಕೆ ಅಲ್ಲವೇ?” ಎಂದು ನಾನೇ ಕೇಳಿದೆ. ಅವರು ನಕ್ಕು, ಅದಕ್ಕೂ ಇದಕ್ಕೂ ಸಂಬಂಧವೇ ಇಲ್ಲ ಎಂದರು.

ಮನೆಗೆ ಬಂದಾಗ ಅಕ್ಕ ಬಾಗಿಲಲ್ಲೇ ನಿಂತಿದ್ದಳು. “ಏನಂದ್ರು?”

“ಮಾತ್ರೆ ಕೊಟ್ಟಿದ್ದಾರೆ” ಎಂದೆ.

ಅಷ್ಟೇ ಅಂದೆ. ಉಳಿದದ್ದನ್ನು ಹೇಳಿದ್ದರೆ ನಾನು ಆಡಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಾಗುತ್ತಿತ್ತು. ಮಗಳು ಜ್ವರದ ಮಂಪರಿನಲ್ಲಿದ್ದಳು, ದೊಡ್ಡಮ್ಮನಿಗೆ ಏನು ಗೊತ್ತು ಏನು ಗೊತ್ತಿಲ್ಲ ಎಂಬ ಲೆಕ್ಕ ಅವಳಿಗೆಲ್ಲಿ? ಹೀಗಾಗಿ ಆ ಜ್ವರ ತನ್ನ ಕೈಯಿಂದಲೇ ಬಂತೆಂದು ಅಕ್ಕ ನಂಬಿದಳು. ಅವಳನ್ನು ಹಾಗೆ ನಂಬಲು ಬಿಟ್ಟೆ.

ಜ್ವರ ಬಿಟ್ಟ ಮೇಲೆ ಅವಳು ಸ್ನಾನ ಮತ್ತೆ ಶುರುಮಾಡಿದಳು. ಆದರೆ ಗೀಸರಿನ ತಂಟೆಗೆ ಹೋಗಲಿಲ್ಲ. ಮಾಮಾಳಿಗೆ ಕೈಸನ್ನೆಯಲ್ಲಿ ಏನು ಹೇಳಿದಳೋ, ಅವಳು ತನ್ನ ಮನೆಯಿಂದ ಒಂದು ಜೀಕೋ ಹೊತ್ತು ತಂದಳು. ಇದ್ದಿಲು ಹಾಕುವ ಇಲ್ಲಿನ ಒಲೆ ಅದು. ಹಿತ್ತಲಿನ ಕಟ್ಟೆಯ ಮೇಲೆ ಅದನ್ನಿಟ್ಟು, ಇಬ್ಬರು ಹೆಂಗಸರೂ ಮಂಜಿನಲ್ಲಿ ಕುಕ್ಕರುಗಾಲಲ್ಲಿ ಕೂತು ಊದುತ್ತಿದ್ದರು. ಮಂಡಿ ನೋವಿನ ಅಕ್ಕ ಕುದಿಯುವ ಪಾತ್ರೆಯನ್ನು ಹಿತ್ತಲಿನಿಂದ ಬಚ್ಚಲಿಗೆ ಎಂಟು ಸಲ ಹೊತ್ತು ತರುತ್ತಿದ್ದಳು.

“ಗೀಸರು ಹಾಕ್ತೀನಿ ಬಿಡೆ” ಎಂದು ನಾನು ಒಮ್ಮೆ ಅಂದೆ.

“ಬೇಡ. ಇದೇ ನಂಗೆ ಅಭ್ಯಾಸ.”

ಅವಳು ತಾನು ಮೀಯುತ್ತಿದ್ದದ್ದು ತಣ್ಣೀರಲ್ಲಿ. ಅದು ಎರಡನೆಯ ದಿನವೇ ನನಗೆ ಗೊತ್ತಾಯಿತು. ಬಚ್ಚಲಿನಿಂದ ಹೊರಬಂದಾಗ ಹಬೆ ಇರುತ್ತಿರಲಿಲ್ಲ, ಅವಳ ತುಟಿ ನೀಲಿಯಾಗಿರುತ್ತಿತ್ತು. ಅರವತ್ತೆಂಟು ವರ್ಷದ ಹೆಂಗಸು, ತೆಳು ಸೀರೆ, ನೈರೋಬಿಯ ಜುಲೈ. ನಾನು ನೋಡಿದೆ, ಒಂದು ಮಾತೂ ಹೇಳಲಿಲ್ಲ. ಅಷ್ಟನ್ನಾದರೂ ಕ್ಷಮಿಸಬಹುದೇನೋ. ಆ ವಾರ ಮೀಟರಿನ ಪೆಟ್ಟಿಗೆ ನೋಡಿದಾಗ ಟೋಕನ್ ಮೊದಲಿನ ಹಾಗೆ ನಿಧಾನವಾಗಿ ಇಳಿಯುತ್ತಿತ್ತು, ನನಗೆ ಸಮಾಧಾನವಾಯಿತು. ಹೌದು, ಸಮಾಧಾನ. ಆ ಸಮಾಧಾನಕ್ಕೆ ಕ್ಷಮೆ ಎಲ್ಲಿಂದ ತರಲಿ?

ಇಪ್ಪತ್ತನಾಲ್ಕನೆಯ ದಿನ ಅಕ್ಕ ಯಜಮಾನರ ಹತ್ತಿರ, “ನಂಗೆ ಟಿಕೆಟ್ಟು ಬೇಗ ಹೊರಡೋ ಹಾಗೆ ಬದಲಾಯಿಸ್ಕೊಡಿ, ಮನೇಲಿ ಸ್ವಲ್ಪ ಕೆಲಸ ಇದೆ” ಎಂದಳು. ನನ್ನ ಹತ್ತಿರ ಹೇಳಲಿಲ್ಲ. ಅವರು ರಾತ್ರಿ ಊಟಕ್ಕೆ ಕೂತಾಗ ನನಗೆ ಹೇಳಿದರು: “ನೀನು ಒಂದು ಮಾತು ತಪ್ಪಾಯ್ತು ಅಂದುಬಿಡು. ಆಗ ಉಳ್ಕೊಳ್ತಾರೆ.”

“ಅಕ್ಕತಂಗಿ ಮಧ್ಯೆ ತಪ್ಪು ಒಪ್ಪು ಏನಿರುತ್ತೆ? ನಾಳೆ ಸರಿಹೋಗುತ್ತೆ” ಎಂದೆ. ಮನಸ್ಸಿನಲ್ಲಿ ಮಾತ್ರ ಬೇರೆ ಇತ್ತು. ಅವಳು ಹೋಗುವುದಿಲ್ಲ ಎಂಬ ಧೈರ್ಯ. ತೊಟ್ಟಿಲ ಶಾಸ್ತ್ರ ಬಿಟ್ಟು ಅಕ್ಕ ಎಲ್ಲಿಗೆ ಹೋಗುತ್ತಾಳೆ?

ಹೋದಳು. ಹೊರಡುವ ದಿನ ಮಗುವನ್ನು ಮೀಯಿಸಿ, ದೃಷ್ಟಿ ತೆಗೆದು, ಮಗಳಿಗೆ ಉಳಿದ ಹದಿನಾಲ್ಕು ದಿನದ ಅಂಟಿನುಂಡೆಯನ್ನು ಡಬ್ಬಿಯಲ್ಲಿ ಎಣಿಸಿಟ್ಟು ಹೋದಳು. ಮಾಮಾ ಅವಳನ್ನು ತಬ್ಬಿಕೊಂಡು ಅತ್ತಳು. ನಾನು ಕಾಲಿಗೆ ನಮಸ್ಕಾರ ಮಾಡಿದಾಗ, “ಚೆನ್ನಾಗಿರಿ” ಎಂದು ತಲೆ ಮುಟ್ಟಿದಳು. ಬೇರೆ ಯಾರ ಮನೆಗೆ ಹೋಗಿ ಬಂದರೂ ಅವಳು ಹಾಗೇ ಹೇಳುತ್ತಾಳೆ.

ಅಲ್ಲಿಂದಾಚೆ ಫೋನು ನಿಲ್ಲಲಿಲ್ಲ. ಅದೇ ಕಷ್ಟ. ಜಗಳವಾಗಿ ಮಾತು ಬಿಟ್ಟಿದ್ದರೆ ಹೋಗಿ ಕಾಲು ಹಿಡಿಯಬಹುದು. ಹಬ್ಬಕ್ಕೆ ಫೋನು, ಹುಟ್ಟುಹಬ್ಬಕ್ಕೆ ಫೋನು. ಊಟವಾಯಿತಾ, ಮಳೆ ಬಂತಾ, ಮಗು ಹೆಜ್ಜೆ ಹಾಕುತ್ತಾ. ಮೊದಲು ನಾನು ಅತ್ತರೂ ಬಯ್ಯುತ್ತಿದ್ದಳು, ನಕ್ಕರೂ ಬಯ್ಯುತ್ತಿದ್ದಳು. ಈಗ ಬಯ್ಗುಳವೇ ಇಲ್ಲ.

ಎರಡು ವರ್ಷಕ್ಕೆ ಮಗಳು ಮತ್ತೆ ಬಸುರಿಯಾದಳು. “ದೊಡ್ಡಮ್ಮ ಈಸ್ ಕಮಿಂಗ್, ರೈಟ್?” ಎಂದು ಮೂರನೆಯ ತಿಂಗಳಲ್ಲೇ ಕೇಳಲು ಶುರುಮಾಡಿದಳು. ಸೊಂಟಕ್ಕೆ ಬಿದ್ದ ಆ ಸುಡುನೀರನ್ನು ಬಾಯಲ್ಲಿ ಬೈದರೂ ಮೈ ಮರೆತಿರಲಿಲ್ಲ. ನಾನು ಫೋನು ಹಿಡಿದು ಒಂದು ಗಂಟೆ ಕೂತಿದ್ದು ಆಮೇಲೆ ಮಾಡಿದೆ.

“ಮಂಡಿ ಕಣೆ” ಎಂದಳು ಅಕ್ಕ. “ಮೆಟ್ಲು ಹತ್ತಕ್ಕಾಗಲ್ಲ. ವಿಮಾನದಲ್ಲಿ ಅಷ್ಟು ಹೊತ್ತು ಕೂರಕ್ಕೆ ನನ್ನ ಕೈಲಿ ಆಗಲ್ಲ.”

ಅದರ ಹಿಂದಿನ ತಿಂಗಳಷ್ಟೇ ಅವಳ ಸೊಸೆ ಫೋನಿಗೆ ಒಂದು ಚಿತ್ರ ಕಳಿಸಿದ್ದಳು. ಎದುರುಮನೆಯ ಬಾಣಂತಿಯ ಕೂಸನ್ನು ಕಾಲ ಮೇಲೆ ಹಾಕಿಕೊಂಡು ಮೀಯಿಸುತ್ತಿದ್ದಾಳೆ ಅಕ್ಕ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಾಯಿ ತುಂಬ ನಗು.

“ಅಕ್ಕ” ಎಂದೆ. “ಅವತ್ತು ಜ್ವರ ಬಂದದ್ದು ನೀರಿಂದ ಅಲ್ಲ. ಹಾಲು ಕಟ್ಟಿತ್ತು. ಡಾಕ್ಟರು ಅವತ್ತೇ ಹೇಳಿದ್ರು. ನಾನು ನಿಂಗೆ ಹೇಳ್ಲಿಲ್ಲ. ಮತ್ತೆ ನಾನು ಅಂದದ್ದು...”

ಆ ಕಡೆ ಕುಕ್ಕರು ಕೂಗಿದ್ದು ಕೇಳಿಸಿತು.

“ಏನಂದೆ ನೀನು? ನಂಗೇನೂ ನೆನಪಿಲ್ವಲ್ಲ” ಎಂದಳು. “ಬಿಡು. ಅಲ್ಲಿ ಈಗ ಚಳಿ ಹೇಗಿದೆ?”

ಚಳಿಯ ವಿಷಯ ಮಾತಾಡಿದೆವು.

ಹೆರಿಗೆಗೆ ಎರಡು ವಾರ ಮುಂಚೆ ಮೈಸೂರಿಗೆ ಹೋಗಿ ಬಂದ ನಮ್ಮ ಪರಿಚಯದವರ ಕೈಯಲ್ಲಿ ಒಂದು ಪೆಟ್ಟಿಗೆ ಬಂತು. ಅಂಟು, ಕೊಬ್ಬರಿ, ಸೀಗೆಪುಡಿ, ಸಾಂಬ್ರಾಣಿ, ಹಳೆಯ ಮೆತ್ತನೆ ಸೀರೆಯಿಂದ ಹೊಲಿದ ಕುಲಾವಿಗಳು. ಎಲ್ಲದರ ಮೇಲೆ ಒಂದು ಕಾಗದ, ಮಗಳ ಹೆಸರಿಗೆ, ಅಕ್ಕನ ದುಂಡು ಅಕ್ಷರದಲ್ಲಿ. ಮಗಳಿಗೆ ಕನ್ನಡ ಓದಲು ಬರುವುದಿಲ್ಲ. ಅದು ಅಕ್ಕನಿಗೆ ಚೆನ್ನಾಗಿ ಗೊತ್ತು.

“ಓದಮ್ಮ” ಎಂದು ಮಗಳು ನನ್ನ ಪಕ್ಕ ಸೋಫಾದಲ್ಲಿ ಹೊಟ್ಟೆ ಹಿಡಿದುಕೊಂಡು ಕೂತಳು.

ಓದಿದೆ. ಎಣ್ಣೆ ಯಾವ ಹದಕ್ಕೆ ಬಿಸಿಯಾಗಬೇಕು, ಅಂಟು ತುಪ್ಪದಲ್ಲಿ ಹೇಗೆ ಅರಳಬೇಕು, ಹೊಟ್ಟೆಗೆ ಬಟ್ಟೆ ಎಲ್ಲಿಂದ ಎಲ್ಲಿಗೆ ಸುತ್ತಬೇಕು. ಹಿಂದಿನ ಸಲ ನಡುಗಿದ್ದಕ್ಕೆ ದೊಡ್ಡಮ್ಮನ ಮೇಲೆ ಬೇಸರ ಬೇಡ ಕಂದಾ ಎಂದು ಒಂದು ಸಾಲು. ಮಗಳು “ಓ, ದೊಡ್ಡಮ್ಮ” ಎಂದು ಕಣ್ಣು ಒರೆಸಿಕೊಂಡಳು. ಕಾಗದದ ಉದ್ದಕ್ಕೂ ನನ್ನ ಸುದ್ದಿ ಇರಲಿಲ್ಲ. ಪುಟ ತಿರುಗಿಸಿದೆ. ಕೊನೆಯಲ್ಲಿ ಇತ್ತು:

“ನೀರನ್ನು ಗ್ಯಾಸಿನ ಮೇಲೋ ಇದ್ದಿಲ ಒಲೆಯ ಮೇಲೋ ಕಾಯಿಸಿಕೊಳ್ಳಿ. ಆ ಸ್ವಿಚ್ಚು ಮುಟ್ಟಬೇಡ. ನಿಮ್ಮಮ್ಮನಿಗೆ ಸಂಕಟವಾಗುತ್ತದೆ.”

ಆ ಸಾಲುಗಳನ್ನು ಗಟ್ಟಿಯಾಗಿ ಓದದೆ ನಾನು ಕಾಗದ ಮಡಿಸಿದೆ.

“ಅಷ್ಟೇನಾ?” ಎಂದಳು ಮಗಳು.

“ಅಷ್ಟೇ” ಎಂದೆ.